ಚಂದ್ರಗಿರಿ ಗೆರೆಯೋ, ತೀರವೋ? ಕಾಸರಗೋಡಿನ ಕನ್ನಡ ಮತ್ತು ‘ಹೊರಗಿನವರು’

ನಾನು ಕಾಸರಗೋಡಿನ ಕಡೆಯವಳು. ಹಾಗಾಗಿ ಈ ವಿಷಯವನ್ನು ದೂರ ನಿಂತು ಹೇಳಲಿಕ್ಕೆ ನನಗೆ ಆಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಗಡಿನಾಡಿನ ಸಾಹಿತ್ಯದ ಬಗ್ಗೆ ನಮ್ಮ ವಿಮರ್ಶೆಯಲ್ಲಿ ಒಂದು ಓದು ರೂಢಿಯಾಗಿದೆ. ಮೊದಲಿಂದ ಇದ್ದವರು ಕನ್ನಡಿಗರು, ಆಮೇಲೆ ಬಂದವರು ಹೊರಗಿನವರು, ಸಾಹಿತ್ಯವೆಂದರೆ ಕಳಕೊಂಡವರ ಅಳಲು. ಇದು ಪೂರ್ತಿ ಸುಳ್ಳಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಜಾರಿಗೆ ಬರಲಿಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದ್ದೂ ಉಂಟು. ಆ ನೋವು ನಿಜ. ಆದರೆ ಈ ಓದಿನೊಳಗೆ ನಮ್ಮ ದೊಡ್ಡ ಲೇಖಕರೇ ಹಿಡಿಸುವುದಿಲ್ಲ. ಇದು ನನ್ನ ತಕರಾರು.

ಮಂಜೇಶ್ವರ ಗೋವಿಂದ ಪೈಗಳ ಮನೆಮಾತು ಕೊಂಕಣಿ. ವಿಲೀನೀಕರಣಕ್ಕಾಗಿ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದ ಸಾರಾ ಅಬೂಬಕ್ಕರ್ ಅವರದ್ದು ಮಲಯಾಳ. ‘ಮೂಲ’ ಹುಡುಕುತ್ತಾ ಹೋದರೆ ಮೂವರೂ ಕನ್ನಡಕ್ಕೆ ಹೊರಗಿನಿಂದ ಬಂದವರೇ ಅಲ್ವಾ? ನಮ್ಮಲ್ಲಿ ಕನ್ನಡ ಶಾಲೆಯ, ಪತ್ರಿಕೆಯ, ಯಕ್ಷಗಾನದ ಭಾಷೆ. ಬೇರೆ ಬೇರೆ ಮನೆಮಾತಿನವರು ಬಂದು ಕೂರುವ ಜಗಲಿ ಅದು. ತುಳು ಮನೆಯವರೊಬ್ಬರು ಕನ್ನಡಕ್ಕಾಗಿ ಹೋರಾಡಿದ್ದೇ ಇದಕ್ಕೆ ಸಾಕ್ಷಿ.

ಸಾಮಾಜಿಕ ನಂಬಿಕೆಯ ಚರ್ಚೆಯಲ್ಲಿ ರಾಬರ್ಟ್ ಪಟ್ನಮ್ ಎರಡು ಬಗೆಯ ಸಂಬಂಧ ಹೇಳುತ್ತಾರೆ: ತಮ್ಮವರನ್ನೇ ಬಿಗಿದು ಕಟ್ಟುವುದು, ಬೇರೆಯವರ ಕಡೆಗೆ ಸೇತುವೆಯಾಗುವುದು. ಗಡಿನಾಡಿನ ವಿಮರ್ಶೆ ಮೊದಲನೆಯದನ್ನು ಮಾತ್ರ ಹೊಗಳುತ್ತಾ ಬಂದಿದೆ. ಸಾರಾ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದರೆ ಆ ಹೊಗಳಿಕೆ ನಿಲ್ಲುವುದಿಲ್ಲ. ನಾದಿರಾಳನ್ನು ಗಂಡನಿಂದ ಬೇರೆ ಮಾಡಿದ್ದು ಹೊಳೆಯಾಚೆಯ ಅಪರಿಚಿತರಲ್ಲ. ಅವಳ ಸ್ವಂತ ತಂದೆಯ ಹಟ. ಮತ್ತೆ ಗಂಡನನ್ನು ಸೇರಬೇಕಾದರೆ ಒಂದು ರಾತ್ರಿಗೆ ಇನ್ನೊಬ್ಬನನ್ನು ಮದುವೆಯಾಗು ಎಂದವರೂ ಅವಳದೇ ಜನ. ‘ನಮ್ಮವರು’ ಎಂದಾಕ್ಷಣ ನಂಬಿಕೆ ತಾನಾಗಿ ಹುಟ್ಟುವುದಿಲ್ಲ. ಆಯೋಗದ ವರದಿಯಲ್ಲಿ ಗಡಿಗೆರೆಯಾದ ಚಂದ್ರಗಿರಿ, ಕಾದಂಬರಿಯಲ್ಲಿ ಜನ ಬದುಕುವ ತೀರ. ಈ ವ್ಯತ್ಯಾಸವನ್ನು ನಾವು ಗಂಭೀರವಾಗಿ ತೆಗೆದುಕೊಂಡಿಲ್ಲ.

ಭಾಷೆ ಒಂದೇ ಆದರೆ ಸಾಕು, ರಾಜ್ಯ ಕೈಬಿಡುವುದಿಲ್ಲ ಎಂಬ ಭರವಸೆಯೂ 2020ರ ಮಾರ್ಚ್‌ನಲ್ಲಿ ಅಲುಗಾಡಿತು. ಕೋವಿಡ್ ಹೆಸರಲ್ಲಿ ಕರ್ನಾಟಕ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ರೋಗಿಗಳಿಗೆ ದಾರಿ ಇಲ್ಲದಾಯಿತು. ವಿಷಯ ಕೇರಳ ಹೈಕೋರ್ಟಿಗೆ, ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಮಣ್ಣಿನ ರಾಶಿ ಯಾರ ಮನೆಮಾತು ಎಂತದು ಎಂದು ಕೇಳಲಿಲ್ಲ.

ಈಗ ಸ್ವಲ್ಪ ಮುಜುಗರದ ವಿಷಯ. ನಾನು ಹಾಸ್ಟೆಲಿನಲ್ಲಿ ‘ಕೇರಳದ ಹುಡುಗಿ’. ಊರಿನ ಕಚೇರಿಯಲ್ಲಿ ಕನ್ನಡದಲ್ಲಿ ಅರ್ಜಿ ಕೊಟ್ಟರೆ ‘ಕರ್ನಾಟಕದವಳು’. ಎರಡೂ ಕಡೆ ಬೇಸರವಾಗುತ್ತದೆ. ಆದರೆ ಕಳೆದ ರಜೆಯಲ್ಲಿ ನಮ್ಮೂರ ಚಾ ಅಂಗಡಿಯಲ್ಲಿ, ಮಲಯಾಳ ಕಡ್ಡಾಯದ ವಿರುದ್ಧ ಮೆರವಣಿಗೆ ಹೋದ ಹಿರಿಯರೊಬ್ಬರು ಒಡಿಶಾದ ಕೆಲಸದ ಹುಡುಗರನ್ನು ತೋರಿಸಿ, “ಈ ಬಂಗಾಳಿಗಳನ್ನು ನಂಬ್ಲಿಕ್ಕೆ ಆಗುದಿಲ್ಲ ಮಗಾ” ಎಂದರು. ನಾನು ಸುಮ್ಮನೆ ಚಾ ಕುಡಿದೆ. ಒಡಿಶಾದವರನ್ನು ಬಂಗಾಳಿ ಎನ್ನುವುದಕ್ಕೂ ನನ್ನನ್ನು ಮಲಯಾಳಿ ಎನ್ನುವುದಕ್ಕೂ ಏನು ವ್ಯತ್ಯಾಸ ಎಂದು ಕೇಳುವ ಧೈರ್ಯ ಆಗ ಬರಲಿಲ್ಲ.

ಗಡಿನಾಡಿನ ಹಕ್ಕುಗಳನ್ನು ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕೇ ಬೇಕು. ಆದರೆ ಆ ಬೇಡಿಕೆಗೆ ‘ನಾವು ಮೊದಲು ಬಂದವರು’ ಎನ್ನುವುದು ಗಟ್ಟಿ ಆಧಾರವಲ್ಲ. ಮಲಯಾಳ ಮನೆಯ ಹುಡುಗಿಯೊಬ್ಬಳು ಕನ್ನಡ ಶಾಲೆಯಲ್ಲಿ ಕೂತು ಕಾದಂಬರಿಕಾರ್ತಿಯಾದಳು ಎನ್ನುವುದು ಅದಕ್ಕಿಂತ ಗಟ್ಟಿ. ಆ ಶಾಲೆಯ ಬೆಂಚಿನಲ್ಲಿ ಈ ಒಡಿಯಾ ಹುಡುಗರ ಮಕ್ಕಳಿಗೂ ಜಾಗ ಉಂಟಾ? ಚರ್ಚೆಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಳ್ಳಬೇಕೆಂದು ಗುರುಗಳಲ್ಲಿ, ಗೆಳೆಯರಲ್ಲಿ ಕೇಳಿಕೊಳ್ಳುತ್ತೇನೆ.