ಸಾರಳಿಗೊಂದು ಪುಟ

ನಾನು ಕ್ರೈಸ್ತಳಲ್ಲ. ಆದರೂ ಬೈಬಲ್ಲನ್ನು ಅದರ ಕಥೆಗಳಿಗಾಗಿ ಮತ್ತೆ ಮತ್ತೆ ಓದಿದ್ದೇನೆ. ಜಾನ್ ಹ್ಯಾಂಡ್ಸ್ ಮೊದಲಾದವರು ಬಳ್ಳಾರಿಯಲ್ಲಿ ಕುಳಿತು ದುಡಿದದ್ದರಿಂದ 1831ರ ಹೊತ್ತಿಗೇ ಇಡೀ ಬೈಬಲ್ಲು ಕನ್ನಡಕ್ಕೆ ಬಂದಿತ್ತು. ಆದ್ದರಿಂದ ಅದು ನಮಗೆ ತೀರಾ ಪರಕೀಯ ಗ್ರಂಥವೇನೂ ಅಲ್ಲ.

ಆದಿಕಾಂಡದ 22ನೇ ಅಧ್ಯಾಯದಲ್ಲಿ ಅಬ್ರಹಾಮ ದೇವರ ಮಾತಿನಂತೆ ಮಗ ಇಸಾಕನನ್ನು ಬಲಿಕೊಡಲು ಬೆಟ್ಟಕ್ಕೆ ಕರೆದೊಯ್ಯುತ್ತಾನೆ. ನಮ್ಮ ಬಾಗೂರಿನ ಹೆಂಗಸರಿಗೆ ಈ ಕಥೆ ಹೊಸದೆನಿಸಲಾರದು. ಸಿರಿಯಾಳ ಸೆಟ್ಟಿ ಶಿವನಿಗಾಗಿ ಚೀಲಾಳನನ್ನು ಕೊಟ್ಟ ಕಥೆ ನಮಗೆ ಗೊತ್ತು. ಆದರೆ ಅಲ್ಲಿ ತಾಯಿ ಚಂಗಳೆ ಇದ್ದಾಳೆ. ಆದಿಕಾಂಡದ ಆ ಅಧ್ಯಾಯದಲ್ಲಿ ತಾಯಿ ಸಾರಳ ಮಾತೇ ಇಲ್ಲ. ಮುಂದಿನ ಅಧ್ಯಾಯ ತೆರೆಯುವುದೇ 127 ವರ್ಷದ ಆಕೆಯ ಸಾವಿನಿಂದ.

ಈ ಮೌನದ ಬಳಿ ನಿಂತು ನೋಡಿದ ಚಿತ್ರಕಾರ ಮಾರ್ಕ್ ಶಾಗಾಲ್. ವಿಟೆಬ್‌ಸ್ಕ್ ಎಂಬ ಊರಿನ ಯಹೂದಿ. ಪ್ಯಾರಿಸ್ಸಿನ ಪ್ರಕಾಶಕ ವೊಲಾರ್ ಕೇಳಿಕೊಂಡದ್ದರಿಂದ ಬೈಬಲ್ಲಿಗೆ ಚಿತ್ರ ಬರೆಯಲು ಒಪ್ಪಿ, 1931ರಲ್ಲಿ ಪ್ಯಾಲೆಸ್ಟೈನನ್ನು ಕಂಡುಬಂದು, ತಾಮ್ರದ ತಗಡಿನ ಮೇಲೆ ಗೀರತೊಡಗಿದ. 1939ರಲ್ಲಿ ವೊಲಾರ್ ತೀರಿಕೊಂಡ, ಯುದ್ಧವೂ ಬಂತು. ಕೆಲಸ ನಿಂತು, 1952ರಲ್ಲಿ ಮತ್ತೆ ಶುರುವಾಗಿ, 1956ರಲ್ಲಿ 105 ಚಿತ್ರಗಳ ಪುಸ್ತಕವಾಗಿ ಹೊರಬಂತು. ಅದರಲ್ಲಿ ಸಾರಳಿಗಾಗಿ ಅಳುವ ಅಬ್ರಹಾಮನಿಗೇ ಒಂದು ಪುಟವಿದೆ. ಮೂಲದಲ್ಲಿ ಆ ಅಳು ಒಂದೇ ವಾಕ್ಯ. ಚಿತ್ರಕಾರ ಅಲ್ಲಿ ತಡೆದು ನಿಂತ. ಚಿತ್ರ ಬರೆಯುವುದೆಂದರೆ ಓದುವುದೂ ಹೌದು ಎಂದು ನಾನು ತಿಳಿದದ್ದು ಇದರಿಂದ.

ಅಚ್ಚಾದದ್ದು ಕೆಲವೇ ನೂರು ಪ್ರತಿ. ಅದು ಉಳ್ಳವರ ಕಪಾಟು ಸೇರಿತು. ಇದೇ ನನ್ನ ತಕರಾರು.

ನಮ್ಮಲ್ಲೂ ಇಂಥ ಪ್ರಯತ್ನಗಳಾಗಿವೆ. ಬೆಂಗಳೂರಿನ ಬಳಿಯ ಸಿಲ್ವೇಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ ಕ್ರೈಸ್ತ ವಿಷಯಗಳನ್ನು ಈ ನೆಲದ ಸಂಕೇತಗಳಲ್ಲಿ ಕಾಣಲು ಹೊರಟವರು. 2008ರಲ್ಲಿ ಮುಂಬಯಿಯಲ್ಲಿ ಹೊರಬಂದ 'ನ್ಯೂ ಕಮ್ಯುನಿಟಿ ಬೈಬಲ್' ಎಂಬ ಇಂಗ್ಲಿಷ್ ಬೈಬಲ್ಲಿನ ರೇಖಾಚಿತ್ರದಲ್ಲಿ ಮರಿಯಳಿಗೆ ಸೀರೆ, ಹಣೆಗೆ ಬಿಂದಿ, ಯೋಸೇಫನಿಗೆ ರುಮಾಲು. ಅದರ ಸುತ್ತ ವಾದವೂ ಎದ್ದಿತು. ನೀಲಿ ಕಣ್ಣಿನ ಯೇಸುವನ್ನೇ ಕ್ಯಾಲೆಂಡರಿನಲ್ಲಿ ನೋಡುತ್ತ ಬೆಳೆದ ಹುಡುಗಿಗೆ ಆ ಸೀರೆ ಎಷ್ಟು ದೊಡ್ಡ ಮಾತು! ಆದರೂ ಉಡುಪು ಬದಲಾದ ಮಾತ್ರಕ್ಕೆ ಓದು ಬದಲಾಗುವುದಿಲ್ಲ. ರವಿವರ್ಮ ಲಕ್ಷ್ಮಿಗೆ ಸೀರೆ ಉಡಿಸಿದ. ಇಂದು ನಮಗೆ ಬೇರೆ ಲಕ್ಷ್ಮಿಯೇ ಕಣ್ಣಿಗೆ ಕಟ್ಟುವುದಿಲ್ಲ. ಬಾಗಿಲು ತೆರೆದ ಚಿತ್ರವೇ ಬಾಗಿಲು ಮುಚ್ಚಲೂಬಹುದು. ಶಾಗಾಲನ ಮುದುಕ ನಮ್ಮವನೆನಿಸುವುದು ಬಟ್ಟೆಯಿಂದಲ್ಲ, ಹೆಂಡತಿಯನ್ನು ಕಳೆದುಕೊಂಡ ಅವನ ದುಃಖದಿಂದ.

ಇಂಥ ಪುಸ್ತಕ ಕೈಗೆ ಸಿಕ್ಕಾಗ ಚಿತ್ರ ಚೆನ್ನಾಗಿದೆಯೇ ಎಂದಷ್ಟೇ ಕೇಳಬೇಡಿ. ಮೂಲದಲ್ಲಿ ಮಾತು ಸಿಗದವರು ಯಾರು, ಅವರಿಗೆ ಇಲ್ಲಿ ಜಾಗ ಸಿಕ್ಕಿದೆಯೇ ಎಂದೂ ಕೇಳಿ. ಮಕ್ಕಳಿಗಾಗಿ ಕೊಳ್ಳುವ ರಾಮಾಯಣದ ಚಿತ್ರಪುಸ್ತಕಕ್ಕೂ ಇದೇ ಪ್ರಶ್ನೆ ಸಲ್ಲುತ್ತದೆ. ಊರ್ಮಿಳೆಗೆ ಅದರಲ್ಲಿ ಎಷ್ಟು ಪುಟವಿದೆ?