ಚೂರಿನಲ್ಲೂ ಇಡೀ ಚಿತ್ರ

ಫೋಟೋ ಹರಿದರೆ ಅರ್ಧ ಮುಖ ಹೋಯಿತು. ಹಾಲೊಗ್ರಾಮಿನ ಗಾಜು ಒಡೆದರೆ ಒಂದೊಂದು ಚೂರಿನಲ್ಲೂ ಇಡೀ ದೃಶ್ಯ ಉಳಿದಿರುತ್ತದೆ, ಕಿರುಗಿಂಡಿಯಲ್ಲಿ ಇಣುಕಿದ ಹಾಗೆ, ತುಸು ಮಸುಕಾಗಿ. ನಾನು ಈ ವಿದ್ಯೆಗೆ ಮಾರುಹೋದದ್ದು ಇಲ್ಲೇ.

ಫೋಟೋ ಹಿಡಿಯುವುದು ಬೆಳಕಿನ ಪ್ರಖರತೆಯನ್ನಷ್ಟೇ. ಯಾವ ಅಲೆ ಎಷ್ಟು ಹಿಂದೆ, ಎಷ್ಟು ಮುಂದೆ ಬಂತೆಂಬ ಲೆಕ್ಕ ಅದರಲ್ಲಿ ಅಳಿಸಿಹೋಗುತ್ತದೆ. ಹಂಗೇರಿಯಲ್ಲಿ ಹುಟ್ಟಿದ ಡೆನಿಸ್ ಗೇಬರ್ 1947ರಲ್ಲಿ, ಇಂಗ್ಲೆಂಡಿನಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಸುಧಾರಿಸಲು ಹೊರಟವರು ಆ ಲೆಕ್ಕ ಉಳಿಸುವ ದಾರಿ ಕಂಡರು. ವಸ್ತುವಿನಿಂದ ಬಂದ ಅಲೆಗೆ ಇನ್ನೊಂದು ಅಲೆ ಬೆರೆಸಿ, ಎರಡೂ ಕೂಡಿದಾಗ ಮೂಡುವ ಗೆರೆಗಳನ್ನೇ ಫಲಕದ ಮೇಲೆ ಬರೆಸುವುದು; ಆ ಫಲಕವೇ ಹಾಲೊಗ್ರಾಮ್. ಎಂಥ ಸರಳ, ಎಂಥ ಸೊಗಸಾದ ಯೋಚನೆ! ಅದಕ್ಕೆ ತಕ್ಕ ಬೆಳಕು ಸಿಕ್ಕಿದ್ದು ಮಾತ್ರ 1960ರಲ್ಲಿ ಲೇಸರ್ ಬಂದ ಮೇಲೆ. ಮಿಶಿಗನ್ ವಿಶ್ವವಿದ್ಯಾಲಯದ ಲೀತ್ ಮತ್ತು ಉಪಾಟ್ನೀಕ್ಸ್ 1964ರಲ್ಲಿ ಆಟಿಕೆ ರೈಲೊಂದರ ಹಾಲೊಗ್ರಾಮ್ ಚಿತ್ರವನ್ನು ಗಾಜಿನಾಚೆ ನಿಲ್ಲಿಸಿ ತೋರಿಸಿದರು. ನೋಡುವವರು ತಲೆ ಸರಿಸಿದಂತೆ ರೈಲಿನ ಮಗ್ಗುಲೂ ಬದಲಾಗುತ್ತಿತ್ತು. ಗೇಬರ್ ಅವರಿಗೆ 1971ರಲ್ಲಿ ನೊಬೆಲ್ ಬಂತು.

ಬ್ಯಾಂಕ್ ಕಾರ್ಡಿನ ಮೇಲೆ ಮಿನುಗುವ ಹಾಲೊಗ್ರಾಮ್ ಮುದ್ರೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಹೆಚ್ಚು ಮೆಚ್ಚುಗೆ ಇನ್ನೊಂದು ಬಳಕೆಯ ಮೇಲೆ. ಒಂದೇ ಟೈರನ್ನು ಒತ್ತಡ ಬದಲಿಸುವ ಮೊದಲೊಮ್ಮೆ, ಬದಲಿಸಿದ ಮೇಲೊಮ್ಮೆ ಒಂದೇ ಫಲಕದಲ್ಲಿ ಹಿಡಿದರೆ ಅದರ ಮೈಮೇಲೆ ಪಟ್ಟೆಗಳು ಮೂಡುತ್ತವೆ. ಒಳಪದರ ಬಿಟ್ಟುಕೊಂಡಿರುವ ಕಡೆ ಪಟ್ಟೆಗಳು ಸುತ್ತಿಕೊಳ್ಳುತ್ತವೆ. ಮೈಕ್ರಾನಿಗಿಂತ ಕಡಿಮೆ ಅಲುಗಾಟವೂ ಕಣ್ಣಿಗೆ ಬೀಳುತ್ತದೆ, ಟೈರನ್ನು ಮುಟ್ಟದೆ, ಕುಯ್ಯದೆ. ಪಿಟೀಲಿನ ಹಲಗೆ ಯಾವ ಸ್ವರಕ್ಕೆ ಎಲ್ಲಿ ನಡುಗುತ್ತದೆಂದು ನೋಡಿದ್ದೂ ಹೀಗೆಯೇ.