ಮಿತ್ರರ ಶಾಕುಂತಲ ಪ್ರಯೋಗ

ಪಾಠಶಾಲೆಯಲ್ಲಿ ನನ್ನೊಡನೆ ಓದಿದ ಮಿತ್ರರೊಬ್ಬರು ಬಸವಪ್ಪಶಾಸ್ತ್ರಿಗಳ (೧೮೪೩–೧೮೯೧) ಕನ್ನಡ ಶಾಕುಂತಲವನ್ನು ಮೊನ್ನೆ ರಂಗಕ್ಕೆ ತಂದರು. ಆಟ ಮುಗಿದೊಡನೆ ಅವರು ‘ಹೇಗಿತ್ತು?’ ಎಂದು ಕೇಳಲು, ‘ಸೊಗಸಾಗಿತ್ತು’ ಎಂದುಬಿಟ್ಟೆನು. ಅದು ಅರ್ಧಸತ್ಯ. ಮರುದಿನ ಅವರ ಮನೆಗೆ ಹೋಗಿ ಹೇಳಿದ ಉಳಿದರ್ಧವನ್ನು ಅವರ ಅನುಮತಿಯಿಂದಲೇ ಇಲ್ಲಿ ಬರೆದಿರುವೆನು.

ಸಂಗೀತವು ಹಿತಮಿತವಾಗಿದ್ದಿತು, ಕಣ್ವರ ಪಾತ್ರಧಾರಿಯ ಗದ್ಗದಕಂಠವು ಸಭೆಯನ್ನೇ ಕರಗಿಸಿತು. ಆದರೆ ನಾಲ್ಕನೆಯ ಅಂಕದಲ್ಲಿ ದೂರ್ವಾಸರನ್ನು ರಂಗದ ಮೇಲೆಯೇ ತಂದು, ಶಕುಂತಲೆಗೆ ಇದಿರಾಗಿಯೇ ಶಪಿಸುವಂತೆ ಮಾಡಿದುದು ಸರಿಯಲ್ಲ. ವ್ಯಾಸಭಾರತದ ಕಥೆಯಲ್ಲಿ ಈ ಶಾಪವೇ ಇಲ್ಲ. ಕಾಳಿದಾಸನಲ್ಲಿ ಅದು ನೇಪಥ್ಯದಿಂದ ಮಾತ್ರ ಕೇಳಿಬರುವುದು. ಹೂ ಬಿಡಿಸುತ್ತಿದ್ದ ಸಖಿಯರಿಬ್ಬರೇ ಅದನ್ನರಿತು, ಶಕುಂತಲೆಗೆ ತಿಳಿಸದೆ ಮರೆಮಾಡುವರು. ಶಾಪವನ್ನು ಕಿವಿಯಾರೆ ಕೇಳಿದವಳು ಉಂಗುರವನ್ನು ಪ್ರಾಣದಂತೆ ಕಾಯದಿರುವಳೆ? ಐದನೆಯ ಅಂಕದಲ್ಲಿ ಅರಸನ ಮರವೆಗೆ ದಿಗ್ಭ್ರಮೆಗೊಳ್ಳುವಳೆ? ಚಪ್ಪಾಳೆಗಾಗಿ ಮುನಿಯನ್ನು ಮುಂದಕ್ಕೆ ತಂದುದರಿಂದ ಕರುಣರಸವು ಹಿಂದಕ್ಕೆ ಸರಿಯಿತು.

ಇಷ್ಟನ್ನೂ ಕೇಳಿ ಮಿತ್ರರು ಬಹಳ ಹೊತ್ತು ಮೌನವಾಗಿದ್ದರು. ಐವತ್ತು ವರುಷಗಳ ಸ್ನೇಹವು ಅಲ್ಲಿಗೇ ಮುಗಿಯಿತೆಂದು ನಾನು ಅಳುಕಿದೆನು. ಕಡೆಗೆ, ‘ಮುಂದಿನ ಪ್ರಯೋಗಕ್ಕೆ ಬರಬೇಕು, ದೂರ್ವಾಸರು ತೆರೆಯ ಹಿಂದೆಯೇ ಇರುವರು’ ಎಂದರು. ಹೋಗದಿರುವೆನೆ?